ಎರಡು ಮೊಳದ ಹರಕು

ಆಗಸ್ಟ್ 31, ಭಾನುವಾರ, ಬೆಳಗ್ಗೆ 7:10. ಮೊಣಕಾಲವರೆಗೆ ನೆನೆದ ಪಂಚೆಯಲ್ಲೇ ಠಾಣೆಗೆ ಬಂದ ದಾಸಣ್ಣ, ಬಲೆ ಕಳುವಾಗಿದೆ ಎಂದು ದೂರು ಕೊಟ್ಟ. ಅವನೂರು ಹುಣಸೆಗುಡ್ಡೆ, ಮಾರಿಕಣಿವೆ ಹಿನ್ನೀರಿನ ನಡುಗಡ್ಡೆ, ಹನ್ನೊಂದು ಮನೆ, ಎಲ್ಲರೂ ಮೀನುಗಾರರು.

"ಕೊನೇ ಸಲ ನೋಡಿದ್ದು ಯಾವಾಗ?" ಎಸ್‌ಐ ನೂರೀನ್ ಕೇಳಿದಳು.

"ನಿನ್ನೆ ಸಂಜೆ. ಜಗಲಿ ಮ್ಯಾಲಿತ್ತು. ಎರಡು ಮೊಳ ಹರಿದಿತ್ತು, ಇವತ್ತು ಕಟ್ಸಾಣ ಅಂತಿದ್ದೆ. ನಾಳೆ ಆರು ಗಂಟಿಗೆ ಈ ವರ್ಷದ ಮೊದಲ ಬಲೆ ಮೇಡಂ. ಚೀಟಿ ಎತ್ತಿದಾಗ ದೊಡ್ಡ ಮಡು ನನಗೆ ಬಂದೈತೆ. ಬಲೆ ಬೀಳದಿದ್ರೆ ವರ್ಷಪೂರ್ತಿ ಆ ನೀರು ಬ್ಯಾರೆಯೋರ್ದು."

ಎಫ್‌ಐಆರ್ ದಾಖಲಾಯಿತು. 9:20ಕ್ಕೆ ಹರಿಗೋಲು ಹತ್ತಿದರು. ಚಿತ್ರದುರ್ಗದ ಗಲ್ಲಿಯಲ್ಲಿ ನೀರನ್ನು ಕೊಡದಲ್ಲೇ ಕಂಡು ಬೆಳೆದ ನೂರೀನ್‌ಗೆ ಇದು ಮೊದಲ ಹರಿಗೋಲು ಪಯಣ. ಹುಟ್ಟು ಹಾಕುತ್ತಿದ್ದ ದಾಸಣ್ಣನ ಗಾಬರಿಗೆ ಹರಿಗೋಲು ಮೂರು ಸುತ್ತು ತಿರುಗಿತು. ಅವಳೋ ಖುಷಿ ತಡೆಯಲಾಗದೆ ತುಟಿ ಕಚ್ಚಿ ಸಾಹೇಬರ ಮುಖ ಉಳಿಸಿಕೊಂಡಳು.

"ನಂಗೆ ಈಜು ಬರಲ್ಲ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಹನುಮೇಶ್.

"ನನಗೂ ಬರಲ್ಲ. ಸುಮ್ನೆ ಕುಂತ್ಕಳ್ರಿ."

ಹತ್ತು ಮನೆ ಶೋಧಿಸಿದರೂ ಏನೂ ಸಿಗಲಿಲ್ಲ. ಹನ್ನೊಂದನೆಯದು ಬರಗೇರಮ್ಮನದು, ದಾಸಣ್ಣನ ಅಣ್ಣನ ಹೆಂಡತಿ. ಗಂಡ ತೀರಿಕೊಂಡು ವರ್ಷವಾಗಿತ್ತು. ಊರಿನ ಹರಿದ ಬಲೆಗಳೆಲ್ಲ ಅವಳ ಕೈಯಲ್ಲೇ ನೆಟ್ಟಗಾಗಬೇಕು. ಪಡಸಾಲೆಯಲ್ಲಿ ಬಲೆಗಳ ರಾಶಿಯೇ ಇತ್ತು.

ದಾಸಣ್ಣ ಒಂದೊಂದನ್ನೂ ಎತ್ತಿ ನೋಡಿದ. "ನಂದಿಲ್ಲ ಮೇಡಂ. ಇವೆಲ್ಲ ಬ್ಯಾರೆಯೋರವು. ಇದೊಂದು ಚೆನ್ನಾಗೈತೆ, ಹರಿದೇ ಇಲ್ಲ."

ನೂರೀನ್ ಕಿವಿ ನೆಟ್ಟಗಾಯಿತು. ರಿಪೇರಿಗೆ ಬಂದ ರಾಶಿಯಲ್ಲಿ ಹರಿಯದ ಬಲೆಗೇನು ಕೆಲಸ? ಬಿಸಿಲಿಗೆ ಹಿಡಿದಳು. ಹಳೆಯ ದಾರದ ನಡುವೆ ಹೊಸ ದಾರದ ಕಣ್ಣುಗಳು ಸಾಲಾಗಿದ್ದವು. ಅಳೆದಳು: ಸರಿಯಾಗಿ ಎರಡು ಮೊಳ. ಉಳಿದ ಮನೆಯವರೆಲ್ಲ ಅದು ತಮ್ಮದಲ್ಲ ಎಂದರು.

"ಕದ್ದ ಬಲೇನ ಯಾಕೆ ಕಟ್ಟಿದ್ರಿ ಬರಗೇರಮ್ಮ?"

ಅವಳು ತಲೆ ತಗ್ಗಿಸಿದಳು. "ಹರಿದ ಬಲೆ ಮುಂದಿದ್ರೆ ಈ ಕೈ ಸುಮ್ನಿರಲ್ಲ ಮೇಡಂ."

ಇಬ್ಬರು ಪಂಚರ ಮುಂದೆ ಪಂಚನಾಮೆ ಬರೆದು ಬಲೆ ಜಪ್ತಿ ಮಾಡಲಾಯಿತು. ಮಧ್ಯಾಹ್ನ 3:40ಕ್ಕೆ, ಕಾರಣ ಓದಿ ಹೇಳಿ, ಬರಗೇರಮ್ಮನನ್ನು ಬಂಧಿಸಲಾಯಿತು.

"ನನ್ನ ಬಲೆ ಕೊಡ್ರಿ ಮೇಡಂ," ದಾಸಣ್ಣ ಕೈ ಚಾಚಿದ.

"ಕೋರ್ಟಿನ ಆದೇಶ ಆಗೋತನಕ ಕೊಡಂಗಿಲ್ಲ."

ದಾಸಣ್ಣ ಉಳಿದ ಬಲೆಗಳ ರಾಶಿಯ ಪಕ್ಕ ಕುಳಿತ. ಬರಗೇರಮ್ಮ ಅವನನ್ನೇ ನೋಡುತ್ತಿದ್ದಳು. "ನಿಮ್ಮಣ್ಣನ ಬಲೆ ಅಟ್ಟದ ಮ್ಯಾಲೈತೆ. ತಗಾ. ನಾಳೆ ಅದನ್ನೇ ಬಿಡು."

"ಅತ್ತಿಗೆ..."

"ಇಪ್ಪತ್ತು ವರ್ಷ ಅವ್ರ ಮಡು ಅದು. ಅವ್ರು ಹೋದಮ್ಯಾಲೆ ಚೀಟಿ ಎತ್ತಾಣ ಅಂದ್ರಿ. ಚೀಟಿಗೆ ನನ್ನ ಹೆಸರೂ ಹಾಕ್ರಿ ಅಂದೆ. ಎಲ್ಲಾರೂ ನಕ್ಕರು. ನೀನೂ ನಕ್ಕೆ."

ದಾಸಣ್ಣ ಎದ್ದು ಅಟ್ಟ ಹತ್ತಿದ.

ದಡದಲ್ಲಿ ಹರಿಗೋಲಿತ್ತು, ನಡೆಸುವವನಿರಲಿಲ್ಲ: ದಾಸಣ್ಣ ಇನ್ನೂ ಅಟ್ಟದಲ್ಲೇ ಇದ್ದ, ಊರವರು ಯಾರೂ ಮುಂದೆ ಬರಲಿಲ್ಲ. ಬರಗೇರಮ್ಮ ತಾನೇ ಹುಟ್ಟು ಎತ್ತಿಕೊಂಡಳು.

"ಆರೋಪಿ ಕೈಗೆ ಹುಟ್ಟು ಕೊಡೋದು ರೂಲ್ಸಿನಲ್ಲಿಲ್ಲ ಮೇಡಂ," ಹನುಮೇಶ್ ಪಿಸುಗುಟ್ಟಿದ.

"ನಿಮಗೆ ಬರತೈತಾ?"

ಹನುಮೇಶ್ ಹರಿಗೋಲಿನ ಅಂಚು ಹಿಡಿದು ಕುಳಿತ. ಬರುವಾಗ ಮೂರು ಸುತ್ತು ತಿರುಗಿದ್ದ ಹರಿಗೋಲು ದೊಡ್ಡ ಮಡುವನ್ನು ದಾಟಿ ಆಚೆ ದಡ ಮುಟ್ಟುವವರೆಗೆ ಒಂದು ಸಲವೂ ತಿರುಗಲಿಲ್ಲ.