ಡಲ್ಸಿ ಹೆಣೆದ ಕಾಲುಚೀಲ

ಫ್ರೀಮ್ಯಾಂಟಲ್‌ನ ಚರ್ಚಿನ ಹಾಲ್‌ನಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ನಾವು ಹೆಂಗಸರು ಯುದ್ಧಕ್ಕೆ ಹೋದವರಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದೆವು. ನನ್ನ ತಮ್ಮ ನಾರ್ಮನ್ ನೌಕಾಪಡೆಯಲ್ಲಿದ್ದ. 1941ರ ನವೆಂಬರ್ ಹತ್ತೊಂಬತ್ತರಂದು ಅವನ ಹೆಂಡತಿ ಡಲ್ಸಿ ಅವನಿಗೆಂದು ಒಂದು ಕಾಲುಚೀಲ ಮುಗಿಸಿದಳು. ಅದು ಅವಳ ಮಡಿಲಲ್ಲೇ ಒದ್ದೆಯಾಯಿತು.

“ಟೀ ಚೆಲ್ಕೊಂಡ್ಯೇನೇ?” ಎಂದೆ.

“ಟೀ ಇಷ್ಟು ತಣ್ಣಗಿರುತ್ತಾ ಅಕ್ಕಾ? ನೀವೇ ಮುಟ್ಟಿ ನೋಡಿ.”

“ಗಂಡನ್ನ ನೆನೆಸ್ಕೊಂಡು ಅತ್ತಿರ್ತಾಳೆ ಬಿಡು!” ಎಂದು ಮುದುಕಿ ಮಿಸೆಸ್ ಪ್ಲಂಕೆಟ್ ನಕ್ಕರು.

ನಾನು ಹಿಂಡಿದೆ. ಸಮುದ್ರದ ವಾಸನೆಯ ನೀರು ಇಳಿಯಿತು. ಸುಡುಬಿಸಿಲಿನಲ್ಲಿ ತಂತಿಗೆ ಹಾಕಿದೆವು. ಪಕ್ಕದ ಟವೆಲ್‌ಗಳೆಲ್ಲ ಒಣಗಿದವು. ಅದು ಮಾತ್ರ ಸಂಜೆಯವರೆಗೂ ತೊಟ್ಟಿಕ್ಕುತ್ತಲೇ ಇತ್ತು.

ನಾರ್ಮನ್‌ನ ಹಡಗು ಅಂದೇ ಮುಳುಗಿತ್ತೆಂದು ಆಮೇಲೆ ತಿಳಿಯಿತು. ಅವನ ದೇಹವೂ ಸಿಗಲಿಲ್ಲ. ಟೆಲಿಗ್ರಾಮ್ ಬಂದ ಮೇಲೂ ಡಲ್ಸಿ ಅದೇ ಉಣ್ಣೆಯಲ್ಲಿ ಜೋಡಿಯ ಇನ್ನೊಂದು ಕಾಲುಚೀಲವನ್ನು ಹೆಣೆದು ಮುಗಿಸಿದಳು.

ನಮ್ಮೂರಿಗೆ ಚಳಿಗಾಲ ತರುವ ಜೂನ್ ತಿಂಗಳಲ್ಲಿ ನಾನೇ ಬಾಯಿಬಿಟ್ಟೆ: “ಸತ್ತವರ ಪ್ರಾರ್ಥನೆಗೆ ಅವನ ಹೆಸರೂ ಕೊಟ್ಟುಬಿಡೋಣ ಕಣೇ.”

ಅವಳು ತಗಡಿನ ಪೆಟ್ಟಿಗೆ ತೆರೆದು ಆ ಎರಡನೆಯದನ್ನು ನನ್ನ ಕೈಗಿಟ್ಟಳು. ಪೆಟ್ಟಿಗೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಕಾಲುಚೀಲ ಮಾತ್ರ ಈಗಷ್ಟೇ ಯಾರೋ ಕಾಲಿನಿಂದ ಬಿಚ್ಚಿಟ್ಟಂತೆ ಬೆಚ್ಚಗಿತ್ತು.

ನಾನು ಹೆಸರು ಕೊಡಲಿಲ್ಲ.