ಕಲ್ಲಿನ ಕೆಳಗಿನ ಸಿಂಬೆ

ಶುಕ್ರವಾರ ಬೆಳಿಗ್ಗೆ ಎಂಟೂಕಾಲಕ್ಕೆ ಮಣಿಪಾಲದ ಠಾಣೆಗೆ ದೂರು ತಂದವರು ಇಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕ ಲಿಯೋನೆಲ್. ಸೋಮವಾರ ಅವರ ಕಾಲೇಜಿನಲ್ಲಿ ಮಧ್ಯಯುಗದ ಯುರೋಪಿನ ಯಂತ್ರಗಳ ಪ್ರದರ್ಶನ. ಅದಕ್ಕೆಂದು ವಿದ್ಯಾರ್ಥಿಗಳು ಕಟ್ಟಿದ್ದ ಗೋಪುರ ಗಡಿಯಾರದ ಅಡ್ಡಕಂಬಿ ಕಾಣೆಯಾಗಿತ್ತು.

"ಗಡಿಯಾರ ಬಿಟ್ಟು ಕಂಬಿ ಮಾತ್ರ ಯಾಕೆ ಕದಿಯಬೇಕು ಸರ್?" ಎಂದು ಇನ್‌ಸ್ಪೆಕ್ಟರ್ ಕುಶಲಾ ಕೇಳಿದರು.

"ಅದೇ ಅದರ ಜೀವ ಮೇಡಂ. ತೂಗುವ ಕಲ್ಲಿನ ಭಾರ ಚಕ್ರ ತಿರುಗಿಸುತ್ತದೆ. ಕಂಬಿ ಆಚೀಚೆ ತೊನೆದು ಚಕ್ರವನ್ನು ಹಲ್ಲು ಹಲ್ಲಾಗಿ ತಡೆಯುತ್ತದೆ, ಮತ್ತೆ ಬಿಡುತ್ತದೆ. ಅದಿಲ್ಲದಿದ್ದರೆ ಚಕ್ರಕ್ಕೆ ತಡೆಯೇ ಇಲ್ಲ, ಗಡಿಯಾರ ನಡೆಯುವುದಿಲ್ಲ."

ಹೆಡ್ ಕಾನ್‌ಸ್ಟೆಬಲ್ ರೂಪೇಶ್ ಎಫ್‌ಐಆರ್ ದಾಖಲಿಸುತ್ತಾ ಗೊಣಗಿದ. "ನಮ್ಮ ಠಾಣೆಯ ಗಡಿಯಾರ ನಿಂತು ಎಷ್ಟು ಕಾಲವಾಯಿತೋ. ಅದನ್ನು ಯಾರೂ ಕದಿಯುವುದಿಲ್ಲ ಮಾರಾಯ."

ಒಂಬತ್ತೂವರೆಗೆ ಕಾಲೇಜಿನಲ್ಲಿ, ಗಡಿಯಾರವಿದ್ದ ಕೋಣೆಯಲ್ಲಿ, ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಲಿಯೋನೆಲ್ ಮತ್ತು ಗಡಿಯಾರ ಕಟ್ಟಿದ ಕೀರ್ತನ್, ಸಮೀಹಾ ಇವರ ಬಳಿ ಮಾತ್ರ. ಕಾರ್ಕಳದಲ್ಲಿ ಕೆತ್ತಿಸಿ ತಂದ ದುಂಡು ಕರಿಕಲ್ಲು ಹಗ್ಗ ಕಳಚಿಕೊಂಡು ನೆಲದ ಮೇಲಿತ್ತು.

"ಕಲ್ಲು ಇಳಿಸದೆ ಕಂಬಿ ತೆಗೆದರೆ?" ಕುಶಲಾ ಲಿಯೋನೆಲ್‌ರನ್ನು ಕೇಳಿದರು.

"ದಡದಡನೆ ಬೀಳುತ್ತದೆ ಮೇಡಂ. ಚಕ್ರದ ಹಲ್ಲು ಉಳಿಯುವುದಿಲ್ಲ."

ಕುಶಲಾ ಮೊಣಕಾಲೂರಿ ಕೂತರು. ಕಲ್ಲು ಬರಿ ನೆಲದ ಮೇಲಿರಲಿಲ್ಲ. ನೀಲಿ ಬಟ್ಟೆಯನ್ನು ಹೊಸೆದು, ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ ಮಾಡಿದ ಸಿಂಬೆಯ ಮೇಲೆ ಕೂತಿತ್ತು. ದುಂಡು ತಳದ ಮಡಕೆ ಉರುಳಬಾರದೆಂದು ಕುಶಲಾರ ತಾಯಿಯೂ ಹೀಗೇ ಸುತ್ತುತ್ತಿದ್ದರು. ಕದಿಯಲು ಬಂದವರು ಕಲ್ಲಿಗೆ ಯಾಕೆ ಹಾಸಿಗೆ ಮಾಡುತ್ತಾರೆ? ಮುರಿಯುವ ಮನಸ್ಸು ಇವರಿಗಿಲ್ಲ ಎಂದುಕೊಂಡು ಅವರು ಸಿಂಬೆಯನ್ನು ಸಾಕ್ಷ್ಯದ ಮುದ್ದೆಮಾಲಾಗಿ ತೆಗೆದುಕೊಂಡರು.

ಪರ್ಕಳದ ಬಾಡಿಗೆ ರೂಮಿನಲ್ಲಿ ಕೀರ್ತನ್ ಸಿಕ್ಕಿದ. ಅಜೆಕಾರಿನ ಹುಡುಗ.

"ನಿನ್ನೆ ಸಂಜೆ ಎಲ್ಲಿದ್ದೆ?"

"ಇಲ್ಲೇ. ಬಟ್ಟೆ ಒಗೆಯುತ್ತಿದ್ದೆ ಮೇಡಂ."

ರೂಪೇಶ್ ಮೂಲೆಯ ಬಟ್ಟೆ ರಾಶಿ ನೋಡಿದ. "ಇದು ಒಗೆದದ್ದಾ?"

"ಒಗೆಯಲಿಕ್ಕೆ ಉಂಟು." ಹುಡುಗ ತಲೆ ತಗ್ಗಿಸಿದ.

"ಆ ಕಂಬಿಯ ಮೇಲೆ ಯಾರಿಗಾದರೂ ಸಿಟ್ಟು ಉಂಟಾ?"

"ಕಂಬಿಯ ಮೇಲಲ್ಲ, ಮೋಟಾರಿನ ಮೇಲೆ. ಗಡಿಯಾರ ಹಿಂದೆ ಬೀಳುತ್ತದೆ, ಅತಿಥಿಗಳ ಎದುರು ಮಾನ ಹೋಗುತ್ತದೆ ಅಂತ ಪ್ರಾಂಶುಪಾಲರು ಕಂಬಿಯ ಕೆಳಗೆ ಸಣ್ಣ ಮೋಟಾರು ಅಡಗಿಸಲು ಹೇಳಿದ್ದಾರೆ. ಇವತ್ತು ಮೆಕ್ಯಾನಿಕ್ ಬರಬೇಕಿತ್ತು. ಸಮೀಹಾ ಎರಡು ದಿನ ಊಟ ಮಾಡಲಿಲ್ಲ."

"ಅವಳೆಲ್ಲಿ?"

"ಕಾಪುವಿಗೆ ಹೋದಳು. ಅವಳ ಉಮ್ಮನಿಗೆ ಹುಷಾರಿಲ್ಲವಂತೆ."

ಮಧ್ಯಾಹ್ನ ಒಂದೂಕಾಲಕ್ಕೆ ಜೀಪು ಕಾಪುವಿನ ಮನೆಯೊಂದರ ಮುಂದೆ ನಿಂತಿತು. ಸಮೀಹಾಳ ತಾಯಿ ಖತೀಜಾ ಹಿತ್ತಲಲ್ಲಿ ಬಂಗುಡೆ ಕೊಯ್ಯುತ್ತಿದ್ದರು.

"ನಿಮಗೆ ಹುಷಾರಿಲ್ಲವಂತೆ?"

"ನನಗಾ? ಹುಷಾರಿಲ್ಲದವಳು ಇಷ್ಟು ಮೀನು ಕೊಯ್ಯುತ್ತಾಳಾ? ಯಾರು ಹೇಳಿದ್ದು ಮೇಡಂ?"

ಕುಶಲಾ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅನ್ನದ ಮಡಕೆ ನೀಲಿ ಬಟ್ಟೆಯ ಸಿಂಬೆಯ ಮೇಲಿತ್ತು. ಅದೇ ಬಟ್ಟೆ, ಒಳಕ್ಕೆ ಸಿಕ್ಕಿಸಿದ ಅದೇ ತುದಿ.

ಒಳಗಿನಿಂದ ಸಮೀಹಾ ತಾನಾಗಿಯೇ ಬಂದಳು. ಎರಡೂ ಕೈಗಳಲ್ಲಿ, ಮಗುವನ್ನು ಹಿಡಿದಂತೆ, ಬೆಡ್‌ಶೀಟಿನಲ್ಲಿ ಸುತ್ತಿದ ಕಂಬಿ.

"ಮೆಕ್ಯಾನಿಕ್ ಬಂದು ಹೋದ ಮೇಲೆ ತಂದಿಡುತ್ತಿದ್ದೆ ಮೇಡಂ."

"ಯಾಕೆ ಮಗಾ?"

"ಆ ಕಾಲದ ಗಡಿಯಾರಗಳು ದಿನಕ್ಕೆ ಕಾಲು ಗಂಟೆ ತಪ್ಪುತ್ತಿದ್ದವು. ನಮ್ಮದೂ ತಪ್ಪುತ್ತದೆ. ತಪ್ಪಿದರೂ ಅದು ನಾವು ಮಾಡಿದ್ದು. ಮೋಟಾರು ಇಟ್ಟು ಸರಿ ನಡೆದರೆ ಅದು ಯಾರದು?"

ಕುಶಲಾರಿಗೆ ತಮ್ಮ ಮಗಳು ಓರೆಯಾಗಿ ಹೊಲಿದ ಮೊದಲ ಲಂಗ ನೆನಪಾಯಿತು. ಅದನ್ನು ಬಿಚ್ಚಿ ನೆಟ್ಟಗೆ ಹೊಲಿದುಕೊಟ್ಟಿದ್ದರು. ಮಗಳು ಮತ್ತೆ ಅದನ್ನು ಉಡಲೇ ಇಲ್ಲ.

"ಆದರೂ ಕದ್ದದ್ದು ಕದ್ದದ್ದೇ," ಎಂದರು ಮೆಲ್ಲಗೆ.

ಖತೀಜಾ ಮೀನಿನ ಕೈ ತೊಳೆದು ಬಂದಿದ್ದರು. ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

"ತಪ್ಪು ಮಾಡಿದ್ದಾಳೆ. ಎಂತ ಬರೆಯಬೇಕೋ ಬರೆಯಿರಿ. ಆ ಕಬ್ಬಿಣಕ್ಕೆ ಅರ ಹಾಕಿ ಹಾಕಿ ಇವಳ ಅಂಗೈಯಲ್ಲಿ ಬೊಕ್ಕೆ ಬಂದಿತ್ತು, ಅದನ್ನೂ ಬರೆಯಿರಿ."

ಎರಡು ಗಂಟೆಗೆ ಜಪ್ತಿ ಪಂಚನಾಮೆ, ಎರಡೂವರೆಗೆ ದಸ್ತಗಿರಿ. ಸೂರ್ಯ ಮುಳುಗುವ ಮುಂಚೆಯೇ ಕುಶಲಾ ಅವಳನ್ನು ಉಡುಪಿಯ ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಜಾಮೀನಿಗೆ ತಕರಾರಿಲ್ಲ ಎಂದು ದೂರುದಾರ ಲಿಯೋನೆಲ್ ತಾವೇ ಎದ್ದು ಹೇಳಿದರು. ಜಾಮೀನು ಸಿಕ್ಕಿತು, ಪ್ರಕರಣ ಉಳಿಯಿತು. ಮರುದಿನ ಅವರ ಅರ್ಜಿಯ ಮೇಲೆ ಕಂಬಿಯೂ ತಾತ್ಕಾಲಿಕವಾಗಿ ಕಾಲೇಜಿಗೆ ಮರಳಿತು. ಅದನ್ನು ಹಿಡಿದುಕೊಂಡೇ ಲಿಯೋನೆಲ್ ಪ್ರಾಂಶುಪಾಲರ ಕೋಣೆಗೆ ಹೋದರು. ಹೊರಬಂದವರು ಮೊದಲು, ಕಂಬಿಯಿಲ್ಲದೆ ಹಿಂದಿನ ದಿನ ಬರಿಗೈಯಲ್ಲಿ ಮರಳಿದ್ದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಮತ್ತೆ ಬರುವುದು ಬೇಡವೆಂದರು.

ಸೋಮವಾರ ಕುಶಲಾ ಬಂದೋಬಸ್ತಿನ ನೆಪದಲ್ಲಿ ಹೋದರು. ಗಾಳಿಗಿರಣಿ, ಕಲ್ಲೆಸೆಯುವ ಯಂತ್ರ ದಾಟಿದರೆ ಗಡಿಯಾರ. ಒಂದೇ ಮುಳ್ಳು. ಕಂಬಿ ಟಕ್, ಟಕ್ ಎಂದು ತೊನೆಯುತ್ತಿತ್ತು. ಪಕ್ಕದಲ್ಲಿ ಸಮೀಹಾ, ಹಿಂದೆ ಒಳ್ಳೆಯ ಸೀರೆಯುಟ್ಟ ಖತೀಜಾ. ಬಂದವರೆಲ್ಲ ಮೊದಲು ಗಡಿಯಾರ ನೋಡಬೇಕು, ಆಮೇಲೆ ಮಗಳನ್ನು ನೋಡಬೇಕು ಎಂಬಂತೆ ಆಕೆ ಒಬ್ಬೊಬ್ಬರ ಮುಖವನ್ನೇ ಕಾಯುತ್ತಿದ್ದರು.

ರೂಪೇಶ್ ಮೊಬೈಲು ನೋಡಿಕೊಂಡ. "ಈಗಲೇ ಹಿಂದೆ ಬಿದ್ದಿದೆ ಮೇಡಂ."

"ಬೀಳಲಿ ಬಿಡು."

ಆ ಸಂಜೆ ಕುಶಲಾ ಅಂತಿಮ ವರದಿ ಬರೆಯಲು ಕೂತರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಹೀಗೆ ಬರೆದರು: ಆರೋಪಿಯು ಲಾಭಕ್ಕಾಗಿ ಅಥವಾ ದ್ವೇಷದಿಂದ ಕಳವು ಮಾಡಿರುವುದಿಲ್ಲ. ತಾನು ಮಾಡಿದ ವಸ್ತು ತನ್ನದಾಗಿಯೇ ಉಳಿಯಲೆಂದು ತೆಗೆದುಕೊಂಡು ಹೋಗಿರುತ್ತಾಳೆ. ತೆಗೆಯುವ ಮುನ್ನ ಕಲ್ಲಿನ ಅಡಿಗೆ ಸಿಂಬೆ ಇಟ್ಟಿರುತ್ತಾಳೆ.