ಗುಲಾಬಿಯಾಗದ ಹರಳುಗಳು

ಸೋಮವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಖನಿಜ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದ ಮುಖ್ಯಸ್ಥರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕಳವಾದ ವಸ್ತು ಒಂದು ಗಾಜಿನ ಜಾಡಿ. ಅದರೊಳಗೆ ಅಂದಾಜು ಇನ್ನೂರು ಗ್ರಾಂ ಕಲ್ಲಿನ ಪುಡಿ. ಶುಕ್ರವಾರ ಸಂಜೆ ಇತ್ತು, ಈಗ ಇಲ್ಲ.

"ಬೆಲೆ ಎಷ್ಟು ಅಂತ ಬರೀಲಿ?" ಇನ್ಸ್‌ಪೆಕ್ಟರ್ ಕೇಳಿದರು.

"ಪುಡಿಗೆ ಬೆಲೆ ಇಲ್ಲ ಸರ್. ಆದ್ರೆ ಅದು ಸಿಗದೆ ಇದ್ರೆ ಒಬ್ಬರ ಮೂವತ್ತೊಂದು ವರ್ಷದ ಕೆಲಸಕ್ಕೂ ಬೆಲೆ ಇರಲ್ಲ."

ಎಫ್‌ಐಆರ್ ದಾಖಲಿಸುವ ಮೊದಲು ಇನ್ಸ್‌ಪೆಕ್ಟರ್ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು. ಅದಿರಿನಲ್ಲಿರುವ ಗಂಧಕದಲ್ಲಿ ಹಗುರದ್ದೊಂದು, ಭಾರದ್ದೊಂದು ಇರುತ್ತದೆ. ಎರಡರ ಪ್ರಮಾಣ ಅಳೆದರೆ ಆ ಗಂಧಕ ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಿಂದ ಬಂತೋ, ನೆಲದಾಳದ ಬೆಂಕಿಯಿಂದ ಬಂತೋ ತಿಳಿಯುತ್ತದೆ. ಪ್ರತಿ ಅಳತೆಯನ್ನೂ ಜಾಡಿಯ ಪುಡಿಯೊಂದಿಗೆ ಹೋಲಿಸಿಯೇ ಬರೆಯಬೇಕು. ಅಂಗಡಿಯ ತಕ್ಕಡಿಗೆ ತೂಕದ ಕಲ್ಲು ಇದ್ದ ಹಾಗೆ. ಕಲ್ಲೇ ತಪ್ಪಾದರೆ ತೂಗಿದ್ದೆಲ್ಲ ತಪ್ಪು.

ಜಾಡಿಯನ್ನು ಮಾಡಿಟ್ಟವರು ನಾಲ್ಕು ವರ್ಷದ ಹಿಂದೆ ನಿವೃತ್ತರಾದ ಭೂರಸಾಯನ ವಿಜ್ಞಾನಿ. ಎಲ್ಲರಿಗೂ ಅವರು ಬರೀ ಮೇಡಂ. ಅವರ ಅಂಕಿಗಳು ಹತ್ತೊಂಬತ್ತು ವರ್ಷದಿಂದೀಚೆಗೆ ಎರಡಂಶ ಸಮುದ್ರದ ಕಡೆ ವಾಲಿವೆ, ತಮ್ಮ ವಾದಕ್ಕೆ ಬೇಕಾದಂತೆ ತಿರುಚಿದ್ದಾರೆ ಎಂದು ಇದೇ ಮುಖ್ಯಸ್ಥರು ಸಂಸ್ಥೆಗೆ ವರದಿ ಬರೆದಿದ್ದರು. ಬುಧವಾರ ಹೊರಗಿನ ಸಮಿತಿಯೊಂದು ಬಂದು ಜಾಡಿಯ ಪುಡಿಯನ್ನು ಅಳೆಯುವುದಿತ್ತು.

"ನಾನು ಯಾರ ಮೇಲೂ ಬೆರಳು ತೋರಿಸ್ತಿಲ್ಲ," ಎಂದು ಮುಖ್ಯಸ್ಥರು ಮೇಡಂ ಮನೆಯ ವಿಳಾಸ ಬರೆದುಕೊಟ್ಟರು.

ಹನ್ನೊಂದೂವರೆಗೆ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಬೀರುವಿನ ಕೀಲಿ ತಕ್ಕಡಿಯ ಹಿಂದಿನ ಮೊಳೆಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ಕಾವಲುಗಾರನ ಪುಸ್ತಕದಲ್ಲಿ ಶನಿವಾರ, ಭಾನುವಾರ ಎರಡೂ ಖಾಲಿ. ಹೊರಗಿನವರನ್ನು ಮಾತ್ರ ಬರೆಯುವುದಂತೆ, ಒಳಗಿನವರನ್ನಲ್ಲ. ದಫೇದಾರರು ಇರುವೆ ಹರಿದರೂ ಬರೆದುಕೊಳ್ಳುವ ಮನುಷ್ಯ. ಠಾಣೆಯಲ್ಲಿ ಎಲ್ಲರೂ ಅದಕ್ಕೇ ಅವರನ್ನು ಕಾಡಿಸುತ್ತಿದ್ದರು. ಜಾಡಿ ಇಡುತ್ತಿದ್ದ ದಪ್ಪ ಗಾಜಿನ ಪಾತ್ರೆಯನ್ನು ನೋಡಿ, 'ತಳದಲ್ಲಿ ನೀಲಿ ಬಣ್ಣದ ಹರಳುಗಳು' ಎಂದು ಬರೆದರು. ಪಕ್ಕದಲ್ಲಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಅವರು ಬರೆದದ್ದನ್ನು ಇಣುಕಿ ನೋಡಿದಳು.

"ನೀಲಿ ಅಲ್ಲ, ಗುಲಾಬಿ. ಶುಕ್ರವಾರ ಪೂರ್ತಿ ಗುಲಾಬಿ ಆಗಿತ್ತು. ಇವತ್ತು ಬದಲಿಸೋಣ ಅಂತಿದ್ದೆ."

ಪಾತ್ರೆಯೊಳಗೆ ಬಗ್ಗಿ ನೋಡಿದಳು. ನೀಲಿಯೇ.

ಆ ಹರಳುಗಳು ತೇವ ಹೀರುತ್ತವೆ, ಹೀರಿ ಹೀರಿ ಗುಲಾಬಿಯಾಗುತ್ತವೆ, ಆಗ ತೆಗೆದು ಒಣ ಹರಳು ಹಾಕಬೇಕು ಎಂದು ಅವಳು ವಿವರಿಸಿದಳು. ಪ್ರಯೋಗಾಲಯದಲ್ಲಿದ್ದ ಐವರನ್ನೂ ಕೇಳಿದರು. ಯಾರೂ ಬದಲಿಸಿರಲಿಲ್ಲ.

"ಕಳ್ಳ ಬಂದು ಮನೆ ಗುಡಿಸಿ ಹೋಗಿದ್ದಾನೆ ಸರ್," ಎಂದರು ದಫೇದಾರರು.

ಮಧ್ಯಾಹ್ನ ಮೂರು ಹತ್ತಕ್ಕೆ ಇನ್ಸ್‌ಪೆಕ್ಟರ್ ಮೇಡಂ ಮನೆಯ ಬಾಗಿಲು ತಟ್ಟಿದರು. ಎರಡನೇ ಮಹಡಿ, ಎರಡು ಕೋಣೆ. ಕಿಟಕಿಯ ಕಟ್ಟೆಯ ಮೇಲೆ ಸಂಖ್ಯೆ ಬರೆದ ಕಲ್ಲುಗಳು. ಇದ್ದ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಕಾಗದದ ರಾಶಿ, ಬಹಳ ದಿನದಿಂದ ಯಾರೂ ಅದರಲ್ಲಿ ಕೂತಿರಲಿಕ್ಕಿಲ್ಲ. ಮೇಡಂ ರಾಶಿಯನ್ನು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದೇ ನಿಂತರು. ಭಾನುವಾರಕ್ಕೊಮ್ಮೆ ತಂಗಿ ಫೋನ್ ಮಾಡುತ್ತಾಳೆ, ಉಳಿದ ದಿನ ತಮ್ಮ ದನಿ ತಮಗೇ ಹೊಸದು ಅನ್ನಿಸುತ್ತದೆ ಎಂದು ಅವರೇ ಹೇಳಿಕೊಂಡರು.

ಜಾಡಿ ಹೋಯಿತೆಂದು ಕೇಳಿ ಅವರು ಕೂತುಬಿಟ್ಟರು.

"ಅದನ್ನ ಅಳೀರಿ ಅಂತ ಅರ್ಜಿ ಕೊಟ್ಟವಳೇ ನಾನು. ಮೋಸ ಮಾಡಿಲ್ಲ ಅಂತ ತೋರಿಸೋಕೆ ಇದ್ದದ್ದು ಅದೊಂದೇ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂದು ಚಿಟಿಕೆ ಪುಡಿಗೆ ಹೋಯ್ತು."

ಅರ್ಜಿಯ ಪ್ರತಿ ತೋರಿಸಿದರು. ಮುದ್ರೆ, ತಾರೀಖು ಎಲ್ಲ ಸರಿಯಾಗಿತ್ತು. ಇನ್ಸ್‌ಪೆಕ್ಟರ್ ಎದ್ದು ನಿಂತು, ಕೊನೆಯದಾಗಿ ಹರಳಿನ ವಿಷಯ ಕೇಳಿದರು. ಬದಲಿಸುತ್ತಿದ್ದವರು ಯಾರು?

"ಹರಳಾ? ಅದು ಯಾವಾಗ್ಲೂ ನೀಲಿನೇ ಇರ್ತಿತ್ತಲ್ಲ."

"ಗುಲಾಬಿ ಆಗುತ್ತಂತೆ."

"ಆಗುತ್ತೆ, ಗೊತ್ತು. ಆದ್ರೆ ಆ ಪಾತ್ರೇಲಿ ನಾನು ಯಾವತ್ತೂ ನೋಡಿಲ್ಲ." ಮೇಡಂ ಕಿಟಕಿಯ ಕಟ್ಟೆಯಿಂದ ಒಂದು ಕಲ್ಲನ್ನು ಕೈಗೆತ್ತಿಕೊಂಡರು. ನಂತರ ನಿಧಾನವಾಗಿ, "ಪುಡಿಯಣ್ಣ ಮಾಡ್ತಿದ್ರು ಅನ್ಸುತ್ತೆ," ಎಂದರು.

ಪುಡಿಯಣ್ಣ ಎಂದರೆ ಅವರ ಕೈಕೆಳಗೆ ಇಪ್ಪತ್ತಾರು ವರ್ಷ ಕಲ್ಲು ಅರೆದ ನೌಕರ. ಅರೆಯುವ ಯಂತ್ರ ಬಂದ ಮೇಲೆ ಅವನನ್ನು ಎದುರು ಕಟ್ಟಡದ ಉಗ್ರಾಣಕ್ಕೆ ಹಾಕಿದ್ದರು. ನಿವೃತ್ತಿಗೆ ಇನ್ನೊಂದು ವರ್ಷ.

ಮಂಗಳವಾರ ಉಗ್ರಾಣದಲ್ಲಿ ಅವನಿರಲಿಲ್ಲ, ರಜೆ ಹಾಕಿದ್ದ. ಶನಿವಾರ ಬಂದಿದ್ದನೇ ಎಂದು ಹೆಸರು ಹಿಡಿದು ಕೇಳಿದಾಗ ಕಾವಲುಗಾರ ಒಪ್ಪಿಕೊಂಡ. "ಅವರು ನಮ್ಮೋರೇ ಅಲ್ವಾ ಸರ್?"

ಹನ್ನೊಂದು ನಲವತ್ತಕ್ಕೆ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಪಂಚರೊಂದಿಗೆ ಅವನ ಬಾಡಿಗೆ ಕೋಣೆ ತಲುಪಿದರು. ಒಂದು ತಟ್ಟೆ, ಒಂದು ಲೋಟ, ಒಂದು ಸ್ಟೂಲು. ತೊಳೆದು ಬೋರಲು ಹಾಕಿದ್ದ ಲೋಟದ ಕೆಳಗೂ ಬಟ್ಟೆ ಹಾಸಿತ್ತು.

"ಶನಿವಾರ ಪ್ರಯೋಗಾಲಯಕ್ಕೆ ಹೋಗಿದ್ರಾ?"

"ಹೋಗಿದ್ದೆ."

"ಹರಳು ಯಾಕೆ ಬದಲಿಸಿದ್ರಿ?"

ಜಾಡಿಯ ಪ್ರಶ್ನೆಗೆ ಸಿದ್ಧನಾಗಿದ್ದವನು ಈ ಪ್ರಶ್ನೆಗೆ ತಬ್ಬಿಬ್ಬಾದ. "ಬದಲಿಸಿದ್ನಾ?" ಎಂದು ತನ್ನನ್ನೇ ಕೇಳಿಕೊಂಡ. ಆಮೇಲೆ, "ಗುಲಾಬಿ ಆಗಿತ್ತು ಸರ್," ಎಂದ.

ಮಂಚದ ಕೆಳಗಿನ ಟ್ರಂಕಿನಿಂದ ಅವನೇ ಒಂದು ಸ್ಟೀಲ್ ಡಬ್ಬಿ ತೆಗೆದ. ಒಳಗೆ ಜಾಡಿ. ಸುತ್ತಲೂ ನೀಲಿ ಹರಳು.

"ಯಾರಿಗೂ ಸಿಗಬಾರ್ದು ಅಂತ ತಾನೇ ತಂದಿದ್ದು? ಮತ್ತೆ ಇದ್ಯಾಕೆ?"

"ತೇವ ತಾಗ್ಬಾರ್ದಲ್ಲ ಸರ್."

ಉಳಿದದ್ದನ್ನು ದಫೇದಾರರು ಮೂರು ಪುಟ ಬರೆದುಕೊಂಡರು. ಹತ್ತೊಂಬತ್ತು ವರ್ಷದ ಹಿಂದೆ, ಮಾರ್ಚ್ ಇಪ್ಪತ್ತಾರರಂದು, ಮೊದಲ ಜಾಡಿ ಅವನ ಕೈಜಾರಿ ಒಡೆಯಿತು. ಮೇಡಂ ತಾಯಿ ತೀರಿಹೋಗಿ ಅವರು ಊರಲ್ಲಿರಲಿಲ್ಲ. ಅದೇ ಗಣಿಯ ಇನ್ನೊಂದು ಕಲ್ಲನ್ನು ಅರೆದು, ಹೊಸ ಜಾಡಿಗೆ ತುಂಬಿ, ಹಳೆಯ ಚೀಟಿಯನ್ನೇ ಅಂಟಿಸಿದ. ಕಣ್ಣಿಗೆ ಎರಡೂ ಒಂದೇ ಪುಡಿ, ಒಳಗಿನ ಗಂಧಕದ ಪ್ರಮಾಣ ಮಾತ್ರ ಬೇರೆ. ಈಗ ಅದನ್ನು ಅಳೆದರೆ ಮೇಡಂ ಮೋಸ ಮಾಡಿದ್ದಾರೆಂದು ರುಜುವಾತಾಗುತ್ತದೆ ಎಂದು ಉಗ್ರಾಣದಲ್ಲಿ ಯಾರೋ ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ಜಾಡಿಯೇ ಇಲ್ಲದಿದ್ದರೆ ಅಳೆಯುವುದೇನನ್ನು?

ಒಂದು ಹದಿನೈದಕ್ಕೆ ಬಂಧಿಸಲಾಯಿತು. ಬಂಧನದ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂಬ ಅಂಕಣಕ್ಕೆ ಬಂದಾಗ ಪುಡಿಯಣ್ಣ ಒಂದೇ ಬೆರಳು ಮಡಚಿದ. ಅಕ್ಕ ಇದ್ದಳು, ತೀರಿಕೊಂಡಳು. ಇನ್ನಾರೂ ಇಲ್ಲ. ಆ ಸಾಲನ್ನು ಖಾಲಿ ಬಿಟ್ಟು ಇನ್ಸ್‌ಪೆಕ್ಟರ್ ಮೇಡಂಗೆ ಫೋನ್ ಮಾಡಿದರು.

ನಾಲ್ಕು ಗಂಟೆಗೆ ಅವರು ಠಾಣೆಗೆ ಬಂದರು. ಕೋಪದಲ್ಲಿ ಕೂರದೆಯೇ ಹೇಳಿಕೆ ಕೇಳಿದರು. ಹೇಳಿಕೆಯನ್ನು ಓದುತ್ತಾ ಹೋದರು, ಮಾರ್ಚ್ ಇಪ್ಪತ್ತಾರರ ಮೇಲೆ ಬೆರಳಿಟ್ಟು ನಿಂತರು. ಕೋಪ ಹೋಗಿ ಬೇರೇನೋ ಬಂತು.

"ಆವತ್ತಿಂದ ಈಚೆಗಿನ ಎಲ್ಲ ಅಂಕಿಯಿಂದಲೂ ಎರಡು ಕಳೀಬೇಕು, ಅಷ್ಟೇ. ಮೂರನೇ ಕ್ಲಾಸಿನ ಲೆಕ್ಕ. ಎರಡೇ ಅಂತ ಖಚಿತ ಮಾಡೋಕೆ ಜಾಡಿ ಬೇಕಿತ್ತು, ಯಾವತ್ತಿಂದ ಅನ್ನೋದಕ್ಕೆ ಇವರು ಬೇಕಿತ್ತು. ಎರಡು ಪ್ರಬಂಧದ ತೀರ್ಮಾನ ತಿದ್ದಬೇಕಾಗುತ್ತೆ. ತಿದ್ದೋಣ."

ಪುಡಿಯಣ್ಣ ಅವರನ್ನು ಕಂಡು ಎದ್ದು ನಿಂತ.

"ನಾನು ಊರಿಂದ ಬಂದ ದಿನಾನೇ ಹೇಳಬಾರ್ದಿತ್ತಾ?" ಮೇಡಂ ಕೇಳಿದರು.

"ಆವತ್ತು ನೀವು ತಕ್ಕಡಿ ಮುಂದೆ ಕೂತು ಅಳ್ತಿದ್ರಿ."

"ಮಾರನೇ ದಿನ?"

"ನಿನ್ನೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀರೇನೋ ಅನ್ನಿಸ್ತು ಮೇಡಂ."

ಹಾಗೆ ಇವತ್ತು ನಾಳೆ ಎನ್ನುತ್ತಾ ಹತ್ತೊಂಬತ್ತು ವರ್ಷ. ಒಂದೇ ಮೇಜಿನ ಎರಡು ಬದಿಗೆ ಕೂತಿದ್ದಷ್ಟು ಕಾಲವೂ ಇಬ್ಬರೂ ಕಲ್ಲಿನ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ. ಆ ಒಂದು ಮಾತನ್ನು ಹೇಳಿಕೊಳ್ಳಲು ಅವನಿಗೆ ಮನೆಯಲ್ಲೂ ಯಾರಿರಲಿಲ್ಲ. ಕಳವಿನ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ 'ಸ್ವಂತ ಲಾಭಕ್ಕಲ್ಲ' ಎಂದಷ್ಟೇ ಬರೆದರು. ಬುಧವಾರದ ಅಳತೆಗೆ ಒಂದು ಚಮಚ ಪುಡಿ ಕೊಡಲು ಅನುಮತಿ ಕೋರಿ ನ್ಯಾಯಾಲಯಕ್ಕೊಂದು ಅರ್ಜಿಯನ್ನೂ ಸಿದ್ಧಪಡಿಸಿದರು.

ಹೊರಡುವ ಮುಂಚೆ ಮೇಡಂ ಮೇಜಿನ ಮೇಲಿದ್ದ ಬಂಧನದ ಕಾಗದವನ್ನು ನೋಡಿದರು. ಖಾಲಿ ಸಾಲಿನಲ್ಲಿ ತಮ್ಮ ಹೆಸರು ಬರೆಯಲು ಹೇಳಿದರು.

"ಸಂಬಂಧ ಏನಂತ ಬರೀಲಿ?" ದಫೇದಾರರು ಕೇಳಿದರು.

ಮೇಡಂ ಪ್ರಕಟಿಸಿದ್ದ ನಲವತ್ತೆರಡು ಪ್ರಬಂಧಗಳಲ್ಲಿ ಎಲ್ಲೂ ಪುಡಿಯಣ್ಣನ ಹೆಸರಿರಲಿಲ್ಲ. ಕೊನೆಯ ಸಾಲಿನ ಕೃತಜ್ಞತೆಯಲ್ಲೂ ಇರಲಿಲ್ಲ. ಅದು ಅವರಿಗೆ ಆಗ ನೆನಪಾಯಿತು.

"ಸಹೋದ್ಯೋಗಿ," ಎಂದರು.

ದಫೇದಾರರು ಬರೆದು, ಓದಿ ಹೇಳಿ, ಇಬ್ಬರ ಸಹಿಯನ್ನೂ ಪಡೆದರು. ಅವರಿಬ್ಬರ ಹೆಸರೂ ಒಟ್ಟಿಗೆ ಇದ್ದ ಮೊದಲ ಕಾಗದ ಅದು.